ಯೋಬಪ್ಪನ ಕಪಿಲೆ ಹಾಡು

ಬಾವಿಗಳಿಗೆ ಮೋಟಾರು ಬರುವುದಕ್ಕೂ ಮುಂಚೆ, ನಮ್ಮ ಅಜ್ಜಂದಿರ ಅಜ್ಜಂದಿರು ಅಂಬೆಗಾಲಿಡುತ್ತಿದ್ದಾಗ, ಒಂದೂರಲ್ಲಿ ಯೋಬಪ್ಪ ಅಂತ ಒಬ್ಬ ಕಪಿಲೆ ಹೊಡೆಯುವವನಿದ್ದ. ಕಂಡವರು ಯಾರೂ ಉಳಿದಿಲ್ಲ. ಕೇಳಿದ್ದಷ್ಟೇ ಹೇಳುವುದು.

ಕಪಿಲೆ ಎಂದರೆ ಹೀಗೆ. ಬಾವಿಯೊಳಗೆ ಚರ್ಮದ ಬಾನಿ, ಬಾನಿಗೆ ಹಗ್ಗ, ಹಗ್ಗಕ್ಕೆ ಜೋಡಿ ಎತ್ತು. ಎತ್ತು ಇಳಿಜಾರಿನಲ್ಲಿ ಇಳಿದರೆ ಬಾನಿ ಮೇಲೆ ಬಂದು ತೊಟ್ಟಿಗೆ ನೀರು ಸುರಿಯುತ್ತದೆ. ಎತ್ತು ಹಿಂದೆ ಹಿಂದೆ ಹತ್ತಿದರೆ ಬಾನಿ ಬಾವಿಗಿಳಿಯುತ್ತದೆ. ಯೋಬಪ್ಪ ಚಾವಟಿ ಹಿಡಿದವನಲ್ಲವಂತೆ. ಹಾಡುತ್ತಿದ್ದನಂತೆ. ಇಳಿಯುವಾಗ ಉದ್ದ ಸೊಲ್ಲು, ಹತ್ತುವಾಗ ಗಿಡ್ಡ ಸೊಲ್ಲು. ಅವನ ಕೆಂದ, ಬೂದ ಎಂಬ ಎತ್ತುಗಳಿಗೆ ಆ ರಾಗವೇ ಮೂಗುದಾರ. ಊರ ಕೂಸುಗಳು ತೊಟ್ಟಿಲಲ್ಲೇ ಆ ರಾಗ ಕಲಿಯುತ್ತಿದ್ದವು ಎನ್ನುತ್ತಾರೆ.

ಊರಲ್ಲೊಂದು ಸಣ್ಣ ಚರ್ಚು. ಅಲ್ಲಿ ಹಾಡುತ್ತಿದ್ದುದು ಕಡಲಾಚೆಯ ರಾಗ. ಉಪದೇಶಿ ಸುಮಿತ್ರಯ್ಯನವರೊಬ್ಬರೇ ಹಾಡುವುದು, ಉಳಿದವರು ತುಟಿ ಆಡಿಸುವುದು. ಕ್ರಿಸ್ಮಸ್ ದಿನವೂ ಹಾಗೇ. ಹಬ್ಬದ ದಿನ ಊರಿಗೆ ಊರೇ ಮೂಕವಾಗಿ ಕೂರುವುದು ಯೋಬಪ್ಪನಿಗೆ ಸಹಿಸಲಾಗಲಿಲ್ಲ. ಕಪಿಲೆ ರಾಗಕ್ಕೆ ಯೇಸು ಹುಟ್ಟಿದ ಕತೆ ಕಟ್ಟಿದ. ‘ಗೋದಲಿ ಹುಲ್ಲಿನ ಮ್ಯಾಲೇ ಮಲಗವ್ನೇ’ ಎಂದು ಉದ್ದ ಸೊಲ್ಲು. ‘ನಮ್ಮಯ್ಯ ಬಂದವ್ನೆ’ ಎಂದು ಗಿಡ್ಡ ಸೊಲ್ಲು. ಹೀಗೆ ಹನ್ನೆರಡು ನುಡಿ.

ಸುಮಿತ್ರಯ್ಯನವರು ಕೇಳಿ ಮುಖ ಸಿಂಡರಿಸಿದರು.

“ಎತ್ತು ಹೊಡೆಯುವ ರಾಗ ದೇವರ ಮುಂದೆಯೇನಯ್ಯಾ?”

“ಎತ್ತು ಮೇಯುವ ಜಾಗದಲ್ಲೇ ಮಲಗಿದನಲ್ಲ, ಅಯ್ನೋರೇ. ಅವನಿಗಿಲ್ಲದ ಹೇಸಿಗೆ ನಮಗೇಕೆ?”

ಉಪದೇಶಿಗಳು ಒಪ್ಪಿದರಂತೆ. ಆದರೆ ಒಂದು ಕಟ್ಟು ಹಾಕಿದರು. ಒಂದು ರಾಗಕ್ಕೆ ಇಬ್ಬರು ಒಡೆಯರಿಲ್ಲ. ಅದು ಚರ್ಚಿಗೆ ಬರಬೇಕಾದರೆ ಬಾವಿಯ ಮೇಲೆ ಇನ್ನೆಂದೂ ಹಾಡಕೂಡದು. ಹಬ್ಬಕ್ಕೆ ಇನ್ನೂ ಒಂದು ತಿಂಗಳಿತ್ತು. ಯೋಬಪ್ಪ ಆಗಲಿ ಎಂದ.

ಮಾರನೆಯ ದಿನ ಎತ್ತು ಕಟ್ಟಿದ. ಹಾಡಲಿಲ್ಲ. ಎತ್ತುಗಳು ಕದಲಲಿಲ್ಲ. ಬೆನ್ನು ಚಪ್ಪರಿಸಿದ, ಬೆಲ್ಲ ಕೊಟ್ಟ. ಬೆಲ್ಲ ತಿಂದು ನಿಂತವು. ತೋಟ ಬಾಡತೊಡಗಿತು. ಕೊನೆಗೆ ಎತ್ತು ಬಿಚ್ಚಿ ಹಗ್ಗ ತನ್ನ ಹೆಗಲಿಗೇ ಹಾಕಿಕೊಂಡನಂತೆ.

ನೀರಿಗೆ ಬಂದ ಹೆಂಗಸರು ನಗುತ್ತಿದ್ದರು. “ಯೋಬಣ್ಣ, ನಾಲಿಗೆಯನ್ನೂ ಎತ್ತಿಗೆ ಮೇಯಿಸಿಬಿಟ್ಟೆಯಾ?” ಎಂದು ಕೇಳುತ್ತಿದ್ದರು. ಅವನ ಹೆಂಡತಿ ಲೇಯಮ್ಮ ನಗಲಿಲ್ಲ. ರಾತ್ರಿ ಹೆಗಲಿಗೆ ಹರಳೆಣ್ಣೆ ಹಚ್ಚುತ್ತಾ, “ಮಾತು ಹಿಂದಕ್ಕೆ ತಗೊಂಡರೆ ಯಾರೂ ಬಯ್ಯಲ್ಲ,” ಎಂದಳು. ಅವನು, “ಉಜ್ಜು,” ಎಂದ. ಅಷ್ಟೇ.

ಒಂದು ತಿಂಗಳು ಹಾಗೇ ಎಳೆದ. ಹೆಗಲಲ್ಲಿ ಹಗ್ಗದಷ್ಟು ದಪ್ಪದ ಬಾಸುಂಡೆ ಎದ್ದಿತ್ತು ಎಂದು ಹೇಳುತ್ತಾರೆ. ಹಾಡು ಬಾಯಿಂದ ಬರಲಿಲ್ಲ.

ಹಬ್ಬ ಬಂತು. ಊರೂಟಕ್ಕೆ ನೀರು ಬೇಕು. ಅವನಿಗೆ ಹೆಗಲೇ ಎತ್ತಲಾಗುತ್ತಿರಲಿಲ್ಲ. ಕೊನೆಯದಾಗಿ ನೋಡೋಣವೆಂದು ಕೆಂದ, ಬೂದರನ್ನು ಹಗ್ಗಕ್ಕೆ ಕಟ್ಟಿದ. ಅವು ನಿಂತೇ ಇದ್ದವು. ಅಷ್ಟರಲ್ಲಿ ಚರ್ಚಿನ ಗಂಟೆ ಬಾರಿಸಿತು. ಕಟ್ಟಿದ ಎತ್ತನ್ನು ಕಟ್ಟಿದ ಹಾಗೇ ಬಿಟ್ಟು ಓಡಿದ.

ಚರ್ಚಿನಲ್ಲಿ ಯೋಬಪ್ಪ ಎದ್ದು ನಿಂತು ಉದ್ದ ಸೊಲ್ಲು ಎತ್ತಿದ. ಒಂದು ತಿಂಗಳು ತಡೆದಿಟ್ಟ ದನಿ. ಎರಡನೆಯ ನುಡಿಗೆ ಊರಿಗೆ ಊರೇ ಸೇರಿತು. ಮುದುಕರು ಹಾಡಿದರು, ಬಾಣಂತಿಯರು ಹಾಡಿದರು, ಕಿವುಡರೂ ಹಾಡಿದರಂತೆ. ಗೋಡೆಯ ಸುಣ್ಣ ಉದುರಿತಂತೆ.

ಹಾಡು ಮುಗಿಸಿ ಹೊರಗೆ ಬಂದರೆ, ಬಾವಿಯ ತೊಟ್ಟಿಯಿಂದ ಬಂದು ಮೆಟ್ಟಿಲ ಬುಡದಲ್ಲಿ ಹಾಯುವ ಕಾಲುವೆಯಲ್ಲಿ ನೀರು ಹರಿಯುತ್ತಿದೆ! ಬಾವಿಯ ಹತ್ತಿರ ನರಪಿಳ್ಳೆಯಿಲ್ಲ. ಕೆಂದ, ಬೂದ ಮೈಯೆಲ್ಲ ಬೆವೆತು ನಿಂತಿವೆ. ಹನ್ನೆರಡು ನುಡಿಗೆ ಹನ್ನೆರಡು ಬಾನಿ ಎಳೆದಿದ್ದವು ಎಂದು ಹೇಳುತ್ತಾರೆ.

ಸುಮಿತ್ರಯ್ಯನವರು ಬಗ್ಗಿ ಆ ನೀರಿನಲ್ಲಿ ಮುಖ ತೊಳೆದರು. “ಕಟ್ಟು ಹಾಕಿದ್ದು ನನ್ನ ತಪ್ಪು. ಹೋಗಪ್ಪಾ, ಅಲ್ಲೂ ಹಾಡು,” ಎಂದರು.

ಈಗ ಕಪಿಲೆಯಿಲ್ಲ, ಇಳಿಜಾರು ಮಾತ್ರ ಇದೆ. ಕ್ರಿಸ್ಮಸ್ ಬೆಳಿಗ್ಗೆ ಜನ ಮೊದಲು ಅಲ್ಲಿಗೆ ಹೋಗಿ, ಒಂದು ಜೊತೆ ಎತ್ತಿಗೆ ಬೆಲ್ಲ ತಿನ್ನಿಸಿ, ಆಮೇಲೆ ಚರ್ಚಿಗೆ ಬರುತ್ತಾರೆ. ಹಾಡು ಅದೇ. ಉದ್ದ ಸೊಲ್ಲು ಅಷ್ಟೇ ಉದ್ದ. ಹಾರ್ಮೋನಿಯಂನವನು ಹೊಸಬನಾಗಿ ಅವಸರ ಮಾಡಿದರೆ, ಹಿಂದಿನ ಸಾಲಿನಿಂದ ಯಾರಾದರೂ ಮುದುಕ ಗದರುತ್ತಾನೆ.

“ತಡೆಯೋ, ಎತ್ತು ಇನ್ನೂ ಕೆಳಗೆ ಮುಟ್ಟಿಲ್ಲ.”