ಮುಚ್ಚದ ವರಸೆ

“ಅಜ್ಜಾವರೇ, ನನ್ನ ಮನಸ್ಸಿನಲ್ಲಿ ಈಗ ಸಿಟ್ಟಿಲ್ಲ. ಅವನಾಗಿ ಬಂದು ಮಾತಾಡಿಸಲಿ ಎಂದು ಕಾಯುತ್ತಿದ್ದೇನೆ. ಇಷ್ಟು ವರ್ಷ ಜೊತೆಗಿದ್ದವನಿಗೆ ಅಷ್ಟೂ ತಿಳಿಯಬಾರದೇ?” ಎಂದು ಶಿಷ್ಯ ಸಂಗಯ್ಯ ಕೇಳಿದ. ಮಠದ ಒಂದೇ ಕೋಣೆಯಲ್ಲಿ ಮಲಗುವ ಗೆಳೆಯನೊಡನೆ ಅವನು ಮಾತು ಬಿಟ್ಟು ಒಂದು ಮಳೆಗಾಲ ಕಳೆದಿತ್ತು.

“ಕೂತ್ಕೋ. ಗೋಡೆ ಕಟ್ಟುವ ಅಣ್ಣ ತಮ್ಮಂದಿರ ಕತೆಯೊಂದಿದೆ” ಎಂದು ಗುರುಗಳು ಹೇಳತೊಡಗಿದರು.

ಅವರು ಗಾರೆ ಇಲ್ಲದೆ ಗೋಡೆ ಕಟ್ಟುವವರು. ಅವರ ಇಟ್ಟಿಗೆಗೆ ಮೇಲೊಂದು ಉಬ್ಬು, ಕೆಳಗೊಂದು ತಗ್ಗು. ಒಂದರ ಉಬ್ಬು ಇನ್ನೊಂದರ ತಗ್ಗಿನಲ್ಲಿ ಕೂತರೆ ಮುಗಿಯಿತು, ಆನೆ ಒರಗಿದರೂ ಜಗ್ಗದು. ಎಲ್ಲಕ್ಕೂ ಮೇಲೆ ಉಬ್ಬಿಲ್ಲದ ಬೋಳು ಇಟ್ಟಿಗೆಯ ಒಂದು ಸಾಲು, ಅಂದರೆ ಒಂದು ವರಸೆ, ಇಟ್ಟು ಮುಚ್ಚುತ್ತಾರೆ. ಮುಚ್ಚಿದರೆ ಕೆಲಸ ಮುಗಿಯಿತೆಂದು ಅರ್ಥ.

ಒಂದು ದಿನ ನಾಲ್ಕು ಜನರೆದುರು ತಮ್ಮ, “ಅಣ್ಣನ ಕೈ ಈಗೀಗ ಅಳತೆ ತಪ್ಪುತ್ತದೆ” ಎಂದುಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಣ್ಣ ಸಲಕರಣೆ ಎತ್ತಿಕೊಂಡು ಹೊರಟ. ಮನೆಗೆ ಬಂದವನೇ ಇಬ್ಬರಿಗೂ ಸೇರಿದ ಅಂಗಳದ ನಡುವೆ ನೂಲು ಹಿಡಿದು ಗೋಡೆ ಎಬ್ಬಿಸತೊಡಗಿದ. ಅಬ್ಬಾ, ಆ ಗೋಡೆಯ ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ!

ಗೋಡೆ ಎದೆಮಟ್ಟ ಬರುವಷ್ಟರಲ್ಲಿ ಅವನ ಸಿಟ್ಟು ಇಳಿದಿತ್ತು. ಕೈಗೆತ್ತಿಕೊಂಡ ಬೋಳು ಇಟ್ಟಿಗೆಯನ್ನು ಅವನು ಕೆಳಗಿಟ್ಟ. ತಮ್ಮನೂ ಇದೇ ಕಸುಬಿನವನಲ್ಲವೇ? ಅಣ್ಣ ಗೋಡೆ ಮುಚ್ಚಿಲ್ಲ, ಜಗಳ ಮುಗಿಸಲು ಮನಸ್ಸಿದೆ ಎಂದು ನೋಡಿದರೇ ತಿಳಿದೀತು. ಬಂದು ಮೇಲಿನ ಒಂದು ಇಟ್ಟಿಗೆ ಎತ್ತಿದರೆ ಸಾಕು, ಉಳಿದದ್ದನ್ನು ತಾನೇ ಇಳಿಸುತ್ತೇನೆ ಎಂದುಕೊಂಡ.

ತಮ್ಮ ಬರಲಿಲ್ಲ.

ಅಣ್ಣನಿಗೆ ಹೆಂಡತಿ ಇರಲಿಲ್ಲ, ಮಕ್ಕಳಿರಲಿಲ್ಲ. ಆಚೆ ಬದಿಯಲ್ಲಿ ರೊಟ್ಟಿ ತಟ್ಟುವ ಸದ್ದು ಕೇಳಿದಾಗ ಇವನೂ ತಟ್ಟೆ ಹಾಕಿಕೊಳ್ಳುತ್ತಿದ್ದ. ತಮ್ಮ ಕೆಮ್ಮಿದರೆ ತುತ್ತು ಹಿಡಿದ ಕೈ ನಿಲ್ಲುತ್ತಿತ್ತು. ಉಬ್ಬಿನ ಸುತ್ತ ಮಣ್ಣು ಕೂತು ಇಟ್ಟಿಗೆ ಬಿಗಿದುಕೊಂಡರೆ ತಮ್ಮನಿಗೆ ಎತ್ತಲು ಕಷ್ಟವಾದೀತೆಂದು ಆಗಾಗ ಪೊರಕೆ ಹಿಡಿದು ಗೋಡೆಯ ನೆತ್ತಿ ಗುಡಿಸುತ್ತಿದ್ದ. ಗುಡಿಸಿ ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತಿದ್ದ. ಆಮೇಲೆ ಒಳಗೆ ಹೋಗುತ್ತಿದ್ದ.

ಹೀಗೆ ವರ್ಷಗಳು ಹೋದವು. ಒಂದು ಮುಂಜಾನೆ ಆಚೆ ಮನೆಯಲ್ಲಿ ಅಳು ಕೇಳಿಸಿತು. ಅಣ್ಣ ಬೀದಿ ಸುತ್ತಿ ಓಡಿದ. ತೀರಿಕೊಂಡ ತಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು.

ತಮ್ಮನ ಹೆಂಡತಿ ಕಣ್ಣೊರೆಸಿಕೊಂಡು, “ಭಾವ, ಇನ್ನಾದರೂ ಆ ಗೋಡೆ ಏರಿಸುವುದು ಬಿಡಿ” ಎಂದಳು.

“ಏರಿಸುವುದೇ? ನಾನೆಲ್ಲಿ ಏರಿಸಿದೆನಮ್ಮಾ?”

“ನೀವು ಉಬ್ಬು ಗುಡಿಸಿದಾಗಲೆಲ್ಲ ಇವರು ಹೊರಗೆ ಹೋಗಿ ನಿಲ್ಲುತ್ತಿದ್ದರು. ‘ನೋಡು, ಅಣ್ಣ ಇನ್ನೂ ಗೋಡೆ ಮುಚ್ಚಿಲ್ಲ. ಇನ್ನೊಂದು ವರಸೆ ಏರಿಸಲು ಜಾಗ ಗುಡಿಸುತ್ತಿದ್ದಾನೆ. ಅವನ ಸಿಟ್ಟು ಇಳಿಯಲಿ, ಆಮೇಲೆ ಹೋಗುತ್ತೇನೆ’ ಎನ್ನುತ್ತಿದ್ದರು.”

ಮಣ್ಣು ಮಾಡಿ ಬಂದ ಮೇಲೆ ಅಣ್ಣ ಗೋಡೆ ಇಳಿಸಿದ. ಎಲ್ಲ ಇಟ್ಟಿಗೆಯೂ ಸಲೀಸಾಗಿ ಬಂತು, ಒಂದೂ ಮುರಿಯಲಿಲ್ಲ. ಅಂಗಳ ಮೊದಲಿನಂತೆ ಒಂದಾಯಿತು. ಅವನು ತನ್ನ ಬದಿಯಲ್ಲೇ ಕೂತು ಅತ್ತ.

ಗುರುಗಳು ಕತೆ ಮುಗಿಸಿದರು. ಸಂಗಯ್ಯನಿಗೆ ತಡೆಯಲಾಗಲಿಲ್ಲ. “ಅಯ್ಯೋ ಪಾಪ! ಅಣ್ಣನ ಮನಸ್ಸು ಒಳ್ಳೆಯದೇ, ತಮ್ಮನದೂ ಒಳ್ಳೆಯದೇ. ಹಾಗಾದರೆ ಅವರು ಇನ್ನೇನು ಮಾಡಬೇಕಿತ್ತು, ಅಜ್ಜಾವರೇ?”

“ಗೋಡೆ ಎದೆಮಟ್ಟಕ್ಕಿತ್ತು ಮಗು, ಬಾಯಿ ಅದಕ್ಕಿಂತ ಮೇಲಿತ್ತು.”

ಸಂಗಯ್ಯ ಎದ್ದು ಗೆಳೆಯನಿದ್ದ ಕೋಣೆಯತ್ತ ನಡೆದ.