ಬಾಲ ಊರುತ್ತಿದ್ದ ವಿಮಾನ

ಚಂಪಾ ಶಾಲೆಗೆ ಹೋಗುತ್ತಿದ್ದ ದಿನಗಳಲ್ಲಿ ಅಪ್ಪನ ಜೊತೆ ಕೂತು, ಪ್ಲಾಸ್ಟಿಕ್ ಬಿಡಿಭಾಗಗಳನ್ನು ಅಂಟಿಸಿ ಒಂದು ಪುಟ್ಟ ವಿಮಾನ ಮಾಡಿದ್ದಳು. ಮಾತಿನ ಭರದಲ್ಲಿ ಇಬ್ಬರೂ ಅದರ ಮೂತಿಯೊಳಗೆ ಭಾರ ಇಡುವುದನ್ನೇ ಮರೆತರು. ನಿಲ್ಲಿಸಿದರೆ ವಿಮಾನ ಬಾಲ ಊರಿ ಕೂತುಬಿಡುತ್ತಿತ್ತು. ಅಪ್ಪ ನಕ್ಕು, ಮಗಳ ಅಳಿಸುವ ರಬ್ಬರನ್ನು ಬಾಲದ ಕೆಳಗೆ ಒತ್ತಾಗಿ ಇಟ್ಟರು. ಅವರು ಪಕ್ಕೆಗೆ ಬಳಿದ ನೀಲಿ ಪಟ್ಟೆಯೂ ಸೊಟ್ಟಗಾಯಿತು.

ಎಷ್ಟೋ ವರ್ಷ ಕಪಾಟಿನಲ್ಲಿ ಹಾಗೇ ಇದ್ದ ವಿಮಾನ ಒಂದು ದಿನ ರಬ್ಬರಿಗೆ ಹೇಳಿತು: "ನಿನ್ನಿಂದ ನನ್ನ ಮಾನ ಹೋಗುತ್ತಿದೆ. ನಾನು ನನ್ನ ಕಾಲ ಮೇಲೆ ನಿಲ್ಲಬೇಕು."

"ನಿಲ್ಲು, ನನಗೂ ಬೆನ್ನು ನೋಯುತ್ತಿದೆ. ಆದರೆ ಆ ಸಂಜೆ ಅಪ್ಪ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು ನಿನ್ನನ್ನು ನೋಡಿಯೇ."

"ಅದೇ ನನಗೆ ಅವಮಾನ," ಎಂದಿತು ವಿಮಾನ.

ಅದರ ಆಸೆ ಕೈಗೂಡಿತು. ದೊಡ್ಡವಳಾಗಿ ಬೇರೆ ಮನೆ ಮಾಡಿದ್ದ ಚಂಪಾ, ಅಪ್ಪ ನೋಡಲು ಬರುತ್ತಾರೆಂದು ವಿಮಾನದ ಮೂತಿಗೆ ತೂತು ಕೊರೆದು ಸೀಸದ ಗುಂಡು ತುಂಬಿದಳು. ಟೇಪು ಹಚ್ಚಿ ಪಟ್ಟೆಯನ್ನು ನೇರವಾಗಿ ಬಳಿದಳು. ವಿಮಾನ ಗತ್ತಿನಿಂದ ನಿಂತಿತು. ರಬ್ಬರು ಮೂಲೆ ಸೇರಿತು.

ಅಪ್ಪ ಬಂದು ಕನ್ನಡಕ ಏರಿಸಿ ನೋಡಿದರು. "ಚೆನ್ನಾಗಿದೆ ಕಣೇ. ಅಂಗಡಿಯಿಂದ ತಂದ್ಯಾ?"

ಚಂಪಾ ಉತ್ತರಿಸುವಷ್ಟರಲ್ಲಿ ಅವರ ಕೈ ಮೂಲೆಯ ರಬ್ಬರಿಗೆ ಹೋಗಿತ್ತು. ಅದನ್ನು ಅಂಗೈಯಲ್ಲಿಟ್ಟು ಮೆಲ್ಲಗೆ ಸವರಿದರು. "ಇದರ ಮೇಲೆ ಕೂರ್ತಿತ್ತಲ್ಲ ನಮ್ಮ ವಿಮಾನ, ಅದೆಲ್ಲಮ್ಮ?"

ವಿಮಾನ ಬಾಲ ಊರಿ ಕೂರಲು ನೋಡಿತು. ಮೂತಿಯೊಳಗಿನ ಸೀಸ ಬಿಡಲಿಲ್ಲ.