ಮಸಿ ಕಾಣದ ಓಲೆ

"ಗುರುಗಳೇ, ಕತೆ ಮುಗಿಯಿತೆಂದು ಬರೆಯುವವನಿಗೆ ತಿಳಿಯುವುದು ಹೇಗೆ?" ಎಂದು ಶಿಷ್ಯ ಕೇಳಿದ. ಅವನ ಚಾಪೆಯ ಕೆಳಗೆ ಅವನೇ ಬರೆಯುತ್ತಿದ್ದ ಓಲೆಯ ಕಟ್ಟೊಂದಿರುವುದು ಮಠಕ್ಕೆಲ್ಲ ಗೊತ್ತಿತ್ತು. ಅದನ್ನು ಓದಿದವರು ಯಾರೂ ಇರಲಿಲ್ಲ.

ಗುರುಗಳು ಹೇಳಿದರು:

ಒಬ್ಬ ಕತೆಗಾರನಿದ್ದ. ತಾಳೆಯೋಲೆಯ ಮೇಲೆ ಕಬ್ಬಿಣದ ಮೊನೆಯಿಂದ ಕೊರೆದು ಬರೆಯುತ್ತಿದ್ದ. ಕೊರೆದಷ್ಟಕ್ಕೆ ಅಕ್ಷರ ಕಾಣುವುದಿಲ್ಲ. ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಹಚ್ಚಿ ಒರೆಸಿದರೆ ಗೀರುಗಳಲ್ಲಿ ಕಪ್ಪು ಉಳಿದು ಅಕ್ಷರ ಮೂಡುತ್ತದೆ. ಕತೆಗಾರ ಮಸಿ ಹಚ್ಚಲಿಲ್ಲ.

ಅವನ ಕತೆಯಲ್ಲಿ ಒಬ್ಬ ಹುಡುಗಿ ದೋಣಿಯಲ್ಲಿ ಹೊಳೆ ದಾಟುತ್ತಿದ್ದಳು. ಆ ಹೊಳೆಯನ್ನು ಅವನು ಕನಸಿನಲ್ಲಿ ಕಂಡಿದ್ದ. ಬೆಳಗಾಗುತ್ತಲೇ ಕಣ್ಣು ಮುಚ್ಚಿ ಓಲೆಯ ಮೇಲೆ ಬೆರಳಾಡಿಸುವನು. ಬೆರಳಿಗೆ ನೀರು ತಾಕಿದಂತಾಗುವುದು. ಒಂದು ದಿನ ದೋಣಿ ನಡುಹೊಳೆಯಲ್ಲಿರುವುದು. ಮತ್ತೊಂದು ದಿನ ಹೊಳೆಯೇ ಆಕಾಶದ ಕಡೆಗೆ ಹರಿಯುವುದು. "ದಡ ಇನ್ನೂ ಎಷ್ಟು ದೂರ?" ಎಂದು ಹುಡುಗಿ ಕೇಳುವಳು. "ಇಗೋ, ಬಂತು" ಎಂದು ಅವನು ಹೊಸ ಓಲೆ ತೆಗೆದುಕೊಳ್ಳುವನು.

ಊರೂರು ತಿರುಗಿ ಓಲೆಗಳನ್ನು ಪ್ರತಿ ಮಾಡುವ ಲಿಪಿಕಾರನೊಬ್ಬ ಒಂದು ಬೇಸಿಗೆಯಲ್ಲಿ ಅವನ ಜಗಲಿಗೆ ಬಂದ. ಲಿಪಿಕಾರನ ಕೈಗೆ ಸಿಕ್ಕ ಕತೆ ನಾಲ್ಕು ಸೀಮೆ ಸುತ್ತುತ್ತಿತ್ತು. ಅವನು ಕತೆಗಾರನ ಕಟ್ಟನ್ನು ಬಿಚ್ಚಿ ನೋಡಿ ನಕ್ಕ.

"ಏನಣ್ಣಾ, ಬೋಳು ಓಲೆ ಕೊಡುತ್ತೀಯಲ್ಲ! ಇಂಥದ್ದನ್ನು ಮರ ಹತ್ತಿ ನಾನೇ ಕೊಯ್ದುಕೊಳ್ಳುತ್ತಿದ್ದೆ."

"ಹುಡುಗಿ ಇನ್ನೂ ದಡ ಸೇರಿಲ್ಲ. ಈಗಲೇ ಮಸಿ ಹಚ್ಚಿದರೆ ತಪ್ಪೆಲ್ಲ ಕಂಡುಬಿಡುತ್ತದೆ."

"ತಪ್ಪು ಈಗಲೂ ಅಲ್ಲೇ ಇದೆ ಮಾರಾಯ. ಕಾಣದಿರುವವಳು ನಿನ್ನ ಹುಡುಗಿ."

ಲಿಪಿಕಾರ ಒಂದು ಓಲೆಯನ್ನು ಮೆಲ್ಲಗೆ ಬಾಗಿಸಿದ. ಎಣ್ಣೆ ಕಾಣದೆ ಒಣಗಿದ್ದ ಓಲೆಯ ಅಂಚು ಪಟ್ಟನೆ ಮುರಿಯಿತು. ಕತೆಗಾರ ಆ ಚೂರನ್ನು ಹೆಕ್ಕಿಕೊಂಡ. ಎದ್ದು ಹೋಗಿ ದೀಪದ ಮಸಿ ಕೆರೆದು ತಂದ. ಒಂದೊಂದೇ ಓಲೆಗೆ ಹಚ್ಚಿ ಒರೆಸಿದ.

ಅಕ್ಷರ ಮೂಡಿತು. ತಪ್ಪುಗಳಿದ್ದವು. ಹೊಳೆಯೂ ಇತ್ತು, ದೋಣಿಯೂ ಇತ್ತು. ಕಟ್ಟಿನ ಅರ್ಧಕ್ಕೆ ಬಂದಾಗ ಅವನ ಕೈ ನಿಂತಿತು. ಅಲ್ಲಿ ಹುಡುಗಿ ದಡಕ್ಕಿಳಿದು, ಒದ್ದೆ ಸೆರಗು ಹಿಂಡಿ, ತಿರುಗಿ ನೋಡದೆ ನಡೆದು ಹೋಗಿದ್ದಳು. ಯಾವುದೋ ಒಂದು ಬೆಳಗ್ಗೆ ಅವನೇ ಬರೆದ ಸಾಲು. ಆಮೇಲಿನ ಓಲೆಗಳಲ್ಲೆಲ್ಲ ಅವನು ಬರಿಯ ಮರಳಿನಲ್ಲಿ ದೋಣಿಯ ಹುಟ್ಟು ಹಾಕುತ್ತಿದ್ದ.

ಲಿಪಿಕಾರ ಅಲ್ಲಿಯವರೆಗಿನ ಓಲೆಗಳನ್ನಷ್ಟೇ ಪ್ರತಿ ಮಾಡಿಕೊಂಡು ಹೊರಟ. ಕತೆಗಾರ ಕೈ ತೊಳೆದ. ಉಗುರಿನ ಸಂದಿಯ ಕಪ್ಪು ಬಹಳ ದಿನ ಹೋಗಲಿಲ್ಲ.

ಗುರುಗಳು ಮಾತು ನಿಲ್ಲಿಸಿದರು. ಶಿಷ್ಯ ಕೇಳಿದ: "ಹುಡುಗಿ ಹೊರಟುಹೋದಳೆಂದು ಅವನಿಗೆ ದುಃಖವಾಗಲಿಲ್ಲವೇ?"

"ಎಲ್ಲಿ, ನಿನ್ನ ಉಗುರು ತೋರಿಸು ನೋಡೋಣ" ಎಂದರು ಗುರುಗಳು.

ಶಿಷ್ಯ ಮಸಿಯ ಗುರುತೇ ಇಲ್ಲದ ಬೆರಳುಗಳನ್ನು ಮಡಿಚಿಕೊಂಡ.